ಅಂಚು ಹಚ್ಚಿದ ಬೇಟೆಯಂಗಿ

ನಮ್ಮ ಮಾಮಾ ಬಹಳ ದೊಡ್ಡ ಬೇಟೆಗಾರರು. ಇಲ್ಲಿಯವರೆಗೆ ಏನನ್ನೂ ಕೊಂದಿಲ್ಲ, ಅಷ್ಟೇ ಕೊರತೆ!

ಮಣಿನಗರದ ಅವರ ಫ್ಲ್ಯಾಟಿನಲ್ಲಿ ಸೊಳ್ಳೆಗಳು ಬಾಡಿಗೆ ಕೊಡದೆ ಸುಖವಾಗಿವೆ. ಜಿರಳೆ ಕಂಡರೆ ಅದನ್ನು ಪೇಪರಿನ ಮೇಲೆ ಹತ್ತಿಸಿಕೊಂಡು, ಮೆಟ್ಟಿಲಿಳಿದು, ಕಾಂಪೌಂಡಿನಾಚೆ ಬಿಟ್ಟು, "ಹೋಗಿ ಬಾರಪಾ" ಎಂದು ಬೀಳ್ಕೊಡುತ್ತಾರೆ. "ಬಾ ಅಂದ್ರ ಅದು ಬರ್ತದರೀ!" ಎಂದು ಮಾಮಿ ಬಾಗಿಲಲ್ಲಿ ನಿಂತು ಹಣೆ ಹಣೆ ಬಡಿದುಕೊಳ್ಳುತ್ತಾರೆ. ಬರುತ್ತದೆ ಕೂಡ!

ಇಂಥ ಮಾಮಾ ಹೋದ ಚಳಿಗಾಲದಲ್ಲಿ ಬೇಟೆಗಾರರ ಪೋಷಾಕು ಕೊಳ್ಳಲು ಹೊರಟರು. ಅದೂ ನಕಲಿಯದು!

ಮಾಮಾ ನನ್ನ ತಾಯಿಯ ಅಣ್ಣ. ಧಾರವಾಡದವರು. ವಿಮಾ ಕಂಪನಿ ಅವರನ್ನು ವರ್ಗ ಮಾಡಿ ಅಹಮದಾಬಾದಿಗೆ ಎಸೆದು ಎಷ್ಟೋ ವರ್ಷಗಳಾದವು. ನಾನು ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ಸಂಬಳ ಎಣಿಸುವವನು. ಸಿಕ್ಕವರನ್ನೆಲ್ಲ ಅಣಕಿಸುವುದು ನನ್ನ ಹವ್ಯಾಸ. ಗಿರಣಿಯ ಮ್ಯಾನೇಜರು, ರೈಲಿನ ಟೀಸಿ, ಮಾಮಾ, ಯಾರೂ ಬಾಕಿಯಿಲ್ಲ. ನನ್ನ ಸ್ವಂತ ದನಿ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಎಲ್ಲ ಶುರುವಾದದ್ದು ಮೊಬೈಲಿನ ಒಂದು ವಿಡಿಯೋದಿಂದ. ಯಾವುದೋ ದೇಶದ ಕಾಡು. ಹಾಲಿನಂಥ ಮಂಜು. ಮೈತುಂಬ ಎಲೆಚಿತ್ರದ ಅಂಗಿ ತೊಟ್ಟ ಬೇಟೆಗಾರನೊಬ್ಬ ಮರದ ಬುಡದಲ್ಲಿ ಸುಮ್ಮನೆ ಕೂತಿದ್ದಾನೆ. ಕೂತೇ ಇದ್ದಾನೆ. ಮಾಮಾ ಅದನ್ನು ಅರೆಗಣ್ಣಿನಲ್ಲಿ ನೋಡುತ್ತ ತಾವೂ ನಿಧಾನಕ್ಕೆ ಆ ಮಂಜಿನೊಳಗೆ ಇಳಿದುಹೋಗುತ್ತಿದ್ದರು. ಕರೆದರೆ ಓ ಎನ್ನಲು ಅಷ್ಟು ದೂರದಿಂದ ನಡೆದು ಬರಬೇಕಾಗುತ್ತಿತ್ತು. ಬಂದೂಕು ಮೇಲೆದ್ದಿತೋ, ಮೊಬೈಲನ್ನು ಬೋರಲು ಹಾಕಿಬಿಡುವರು. ಹೀಗೆ ಅವರು ಜಗತ್ತಿನ ಬೇಟೆಗಳ ಮೊದಲರ್ಧವನ್ನೆಲ್ಲ ನೋಡಿ ಮುಗಿಸಿದ್ದಾರೆ.

"ಹೆಂಗ ಕುಂತಾನ ನೋಡಲೇ! ಜಿಂಕಿ ಬಂದು ಅವನ ಬೂಟ ಮೂಸಿ ಹೋತು. ಅಂವಾ ಗಿಡಾನ ಆಗಿಬಿಟ್ಟಾನ!"

"ನೀವೂ ಆಗ್ರಿ ಮಾಮಾ. ನೀರು ಹಾಕೂ ಕೆಲಸ ನನಗಿರ್ಲಿ" ಎಂದೆ.

"ಮಂಗ್ಯಾ, ಇದು ನನ್ನ ಸಲುವಾಗಿ ಅಲ್ಲ."

ಮಾಮಿಯ ಸಲುವಾಗಿ. ಮದುವೆಯ ಹೊಸದರಲ್ಲಿ ಇಬ್ಬರೂ ಈ ಕಡೆ ರೈಲಿನಲ್ಲಿ ಬರುವಾಗ, ವಡೋದರಾ ದಾಟಿದ ಮೇಲೆ, ನೀರು ನಿಂತ ಗದ್ದೆಯಲ್ಲಿ ಮಾಮಿಗೆ ಎರಡು ಸಾರಸ ಪಕ್ಷಿಗಳು ಕಂಡಿದ್ದವಂತೆ. ಆಳೆತ್ತರ, ಬೂದು ಮೈ, ಕೆಂಪು ತಲೆ. ಮಾಮಿ ಮೊಣಕೈಯಿಂದ ತಿವಿದರು. ಮಾಮಾ ಆಗ ಸೀಟಿನ ವಿಷಯಕ್ಕೆ ಒಬ್ಬನೊಡನೆ ಜಗಳವಾಡುತ್ತಿದ್ದರು. ಜಗಳ ಗೆದ್ದು ತಿರುಗಿದಾಗ ಕಿಟಕಿಯಲ್ಲಿ ಬರೀ ವಿದ್ಯುತ್ ಕಂಬಗಳು! ಇಬ್ಬರೂ ಕೂಡಿ ಮತ್ತೊಮ್ಮೆ ನೋಡಬೇಕೆಂಬುದು ಅಂದಿನಿಂದ ಮಾಮಿಯ ಆಸೆ. ಈಗ ಅವರ ಕಣ್ಣಿನ ಪರದೆ ಸವೆಯುತ್ತಿದೆ. ದೂರದ್ದೆಲ್ಲ ಮೊದಲು ಮಂಜಾಗುತ್ತದೆ, ಆಮೇಲೆ ಹತ್ತಿರದ್ದೂ, ಎಂದಿದ್ದಾರೆ ಡಾಕ್ಟರು. ತೀರ ಸನಿಹಕ್ಕೆ ಬಂದು ನಿಂತರೆ ಸಾರಸಗಳು ಈ ಚಳಿಗಾಲ ಕಾಣಬಹುದು. ಮುಂದಿನ ಚಳಿಗಾಲದ ಮಾತನ್ನು ಯಾರೂ ಆಡುವುದಿಲ್ಲ.

ಒಮ್ಮೆ ಹೋಗಿಯೂ ಇದ್ದರು. ಮಾಮಿಯದು ಕೆಂಪು ಇಳಕಲ್ ಸೀರೆ, ಮಾಮಾನದು ಬಿಡುವಿಲ್ಲದ ಬಾಯಿ. ಕೆರೆಯ ಹಕ್ಕಿಗಳು ಇವರು ಆಟೋದಿಂದ ಇಳಿಯುವ ಮೊದಲೇ ಜಿಲ್ಲೆ ಬಿಟ್ಟಿದ್ದವು! ಆದ್ದರಿಂದ ಗಿಡವಾಗುವ ಪೋಷಾಕು ಬೇಕು. ಅಸಲಿಯೋ, ನಕಲಿಯೋ? ಅದೇ ಪ್ರಶ್ನೆ.

ಅಸಲಿಗಾಗಿ ವಡೋದರಾದ ದೊಡ್ಡ ಅಂಗಡಿಗೆ ಹೋದೆವು. ಮಾಮಾ ಅಂಗಿ ತೊಟ್ಟು, ಪರೀಕ್ಷೆ ಮಾಡುತ್ತೇನೆಂದು ಅಲ್ಲಿದ್ದ ಪ್ಲಾಸ್ಟಿಕ್ ಗಿಡಗಳ ನಡುವೆ ಕೂತು ಕಣ್ಣು ಮುಚ್ಚಿದರು. ಅಂಗಿ ಎಷ್ಟು ಚೆನ್ನಾಗಿತ್ತೆಂದರೆ, ಸೇಲ್ಸ್‌ಮನ್ ಬಂದು, "ಅಂಕಲ್ ಎಲ್ಲಿ ಹೋದರು?" ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದ! ಅಷ್ಟರಲ್ಲಿ ಮಾಮಾನ ಕೈಗೆ ಬೆಲೆಚೀಟಿ ಸಿಕ್ಕಿತು. ಗಿಡಗಳ ನಡುವಿನಿಂದ ಒಂದು ಚೀತ್ಕಾರ ಎದ್ದಿತು. ಅಂಗಡಿಯಲ್ಲಿ ಆ ಹೊತ್ತಿಗೆ ಹಕ್ಕಿಗಳಿರಲಿಲ್ಲವಾಗಿ ನಷ್ಟವಾಗಲಿಲ್ಲ.

ಅಂದು ಮನೆಯಲ್ಲಿ ಮಹಾಚರ್ಚೆ.

"ಒಂದು ಅಸಲಿ ತಗೊಂಡ್ರ ಒಬ್ಬರ ಕೂಡಬೇಕು. ಅದ ರೊಕ್ಕದಾಗ ಡೂಪ್ಲಿಕೇಟು ಇಬ್ಬರಿಗೂ ಬರ್ತದ, ಈ ಮಂಗ್ಯಾಗೂ ಒಂದು ಬರ್ತದ. ಒಬ್ಬಾಕಿನ ಕೂಡಿಸಿ ನಾ ರಸ್ತಾದಾಗ ನಿಂದರ್ಲೇನು?" ಇದು ಮಾಮಾ.

"ವಿಮಾ ಕಾಗದದಾಗ ಖೊಟ್ಟಿ ಸಹಿ ಹಿಡಿಯೋದ ನಿಮ್ಮ ನೌಕರಿ. ನೀವ ಖೊಟ್ಟಿ ಅಂಗಿ ಹಾಕ್ಕೊಂಡು ಅಡ್ಡಾಡ್ತೀರಿ? ಮಂದಿ ಏನಂದಾರು?"

"ಮಂದಿ ಎಲ್ಲಿರ್ತಾರ ಅಲ್ಲೆ? ಹಕ್ಕಿ ಇರ್ತಾವ. ಹಕ್ಕಿ ಏನು ಬಿಲ್ ತೋರಸ್ರಿ ಅಂತದೇನ?"

ಮಾಮಿಗೆ ನಗು ಬಂತು. ನಕ್ಕರೆ ಸೋತಂತೆ. ಹಾಗೆ ಆ ಮನೆಯಲ್ಲಿ ಎಷ್ಟೋ ಕೇಸುಗಳು ಇತ್ಯರ್ಥವಾಗಿವೆ.

ನಕಲಿಯ ಜವಾಬ್ದಾರಿ ನನಗೆ ಬಿತ್ತು. ಸೂರತ್ತಿನಲ್ಲಿದ್ದವನಿಗೆ ಬೀಳದೆ ಇನ್ನಾರಿಗೆ? ಬಟ್ಟೆ ಮಾರ್ಕೆಟ್ಟಿನ ವ್ಯಾಪಾರಿ ಅಂಗಿ ಕೊಡವಿ ಹಿಡಿದು, "ಫಸ್ಟ್ ಕಾಪಿ ಭಾಯ್! ಶೇರ್ ಭೀ ಧೋಖಾ ಖಾ ಜಾಯೇಗಾ!" ಎಂದ. ಸಿಂಹ ಮೋಸ ಹೋಗುವುದಿರಲಿ, ನನಗೇ ಸಂಶಯ ಬಂತು. ಎದೆಯ ಮೇಲಿನ ಮುದ್ರೆಯಲ್ಲಿ ಇರಬೇಕಾದ ಜಿಂಕೆ ಯಾಕೋ ಗಬ್ಬದ ಆಡಿನಂತಿತ್ತು. ಎಲೆಗಳೇನೋ ಇದ್ದವು. ಆದರೆ ಜೀವಮಾನವೆಲ್ಲ ಸೀರೆ ಬರೆದ ಕೈ ಬರೆದ ಎಲೆಗಳು! ಒಂದೊಂದೂ ಮಾವಿನಕಾಯಿಯಂತೆ ಕೊನೆಯಲ್ಲಿ ಕೊಂಕಿಕೊಂಡಿತ್ತು. ಅದೂ ಸಾಲದೆಂದು ಕೆಳಗೆ ಸುತ್ತಲೂ ಅಂಚು, ಅಂಚಿನಲ್ಲಿ ಸಣ್ಣಗೆ ಜರಿ. ಅಂಚಿಲ್ಲದೆ ಬಟ್ಟೆ ಮುಗಿಸಿದರೆ ಸೂರತ್ತಿನ ಕೈಗೆ ನಿದ್ದೆ ಬರುವುದಿಲ್ಲ.

"ಜರಿ ಯಾಕೆ?" ಎಂದೆ.

"ಚಾಲ್ಶೆ!" ಎಂದ. ನಡೆಯುತ್ತದೆ ಬಿಡಿ, ಎಂದರ್ಥ. ಗುಜರಾತು ನಿಂತಿರುವುದೇ ಈ ಶಬ್ದದ ಮೇಲೆ.

ಮೂರು ಅಂಗಿ, ಕೊರಳಿಗೆ ಹಾಕುವ ದುರ್ಬೀನು, ಹಕ್ಕಿ ಕರೆಯುವ ಪೀಪಿ, ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಅಹಮದಾಬಾದಿನ ರೈಲು ಹತ್ತಿದೆ. ಕಿಟಕಿಯಾಚೆ ಚಳಿಯ ಬೆಳಗು. ತೂಕಡಿಕೆಯಲ್ಲಿ ನನಗೂ ಕನಸು ಬಿತ್ತು. ನೀರಿನ ಮೇಲೆ ರೈಲು ಸದ್ದಿಲ್ಲದೆ ತೇಲುತ್ತಿತ್ತು, ಬೋಗಿಯ ತುಂಬ ಜರಿಯಂಚಿನ ಗಿಡಗಳು ಟಿಕೇಟು ತೆಗೆಸಿ ಕೂತಿದ್ದವು. ವಡೋದರಾದಲ್ಲಿ ಒಬ್ಬಾಕೆ ನನ್ನ ಮಡಿಲಿನ ಅಂಗಿ ಮುಟ್ಟಿ, "ಬ್ಲೌಸ್ ಪೀಸ್ ಜೊತೆಗೇ ಬರುತ್ತಾ?" ಎಂದು ಎಬ್ಬಿಸಿದಳು.

ಮಣಿನಗರದ ಟೆರೇಸಿನಲ್ಲಿ ರಂಗತಾಲೀಮು. ಉತ್ತರಾಯಣದ ಹಬ್ಬ ಹತ್ತಿರವಿದ್ದುದರಿಂದ ಸುತ್ತಲಿನ ಮಹಡಿಗಳ ಮೇಲೆಲ್ಲ ಗಾಳಿಪಟ. ನಡುವೆ ನಮ್ಮ ಮಾಮಾ, ನೀರಿನ ಟ್ಯಾಂಕಿನ ಪಕ್ಕ, ಜರಿ ಮಿನುಗಿಸುತ್ತ ಗಿಡವಾಗಿ ಕೂತರು. ದುರ್ಬೀನಿನ ಒಂದು ಕಣ್ಣಲ್ಲಿ ಕತ್ತಲು, ಇನ್ನೊಂದರಲ್ಲಿ ಎದುರುಮನೆಯವರ ಒಣಹಾಕಿದ ಚಾದರ. ಪೀಪಿ ಊದಿದರೆ ಥೇಟು ಕುಕ್ಕರಿನ ಸೀಟಿ! ಕೆಳಮನೆಯ ಅಕ್ಕನವರು ಓಡಿಹೋಗಿ ಗ್ಯಾಸ್ ಆರಿಸಿದರು. ಅವರ ದಾಲ್ ಅವತ್ತು ಬೇಯಲೇ ಇಲ್ಲ. ನಿಜವಾದ ತೊಂದರೆ ಬೇರೆ ಇತ್ತು: ಅಲ್ಲಾಡಿದರೆ ಆ ಪಾಲಿಯೆಸ್ಟರು ಚಿಪ್ಸಿನ ಪೊಟ್ಟಣ ಹರಿದಂತೆ ಸದ್ದು ಮಾಡುತ್ತಿತ್ತು.

"ಅಲುಗಾಡಬಾರದು, ಅಷ್ಟ" ಎಂದರು ಮಾಮಾ. ಮಾತಾಡುವಾಗ ಎರಡೂ ಕೈ, ತಲೆ, ಹೊಟ್ಟೆ ಎಲ್ಲ ಬಳಸುವ ಮನುಷ್ಯ!

ಒಂದು ಭಾನುವಾರ ಬೆಳಗಿನ ಜಾವ ಖೇಡಾ ಕಡೆಯ ಹಳ್ಳಿಯೊಂದರ ಕೆರೆ ದಂಡೆಗೆ ಇಳಿದೆವು. ಭೂಮಿ ಆಕಾಶಗಳಿನ್ನೂ ಬೇರೆಯಾಗದಷ್ಟು ಮಂಜು. ಅದರೊಳಗಿಂದ ದೊಣ್ಣೆ ಹಿಡಿದ ಕಾವಲುಗಾರನೊಬ್ಬ ಮೂಡಿಬಂದ.

"ಶಿಕಾರಿ ಛೋ?"

ನನ್ನ ಅಷ್ಟೂ ದನಿಗಳು ಒಟ್ಟಿಗೇ ಹೊಟ್ಟೆಗಿಳಿದವು. ಹಕ್ಕಿ ಕೊಲ್ಲುವವರೆಂದು ಹಿಡಿದುಕೊಟ್ಟರೆ? ಮಾಮಾ ಎರಡೂ ಕೈಯೆತ್ತಿದರು. ಚಿಪ್ಸಿನ ಪೊಟ್ಟಣ ಹರಿದ ಸದ್ದಾಯಿತು. ಅವನು ಹತ್ತಿರ ಬಂದು ಟಾರ್ಚು ಬಿಟ್ಟ. ಜರಿ ಮಿಂಚಿತು. ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಆ ತೋ ಸೂರತ್ ನೋ ಮಾಲ್ ಛೇ!" ಎಂದು ಬಿದ್ದುಬಿದ್ದು ನಕ್ಕ. ಇದು ಸೂರತ್ತಿನ ಸರಕು! ಅವನ ಹೆಂಡತಿಯ ಸೀರೆಗೂ ಇದೇ ಅಂಚಂತೆ. ಇಂಥದನ್ನು ಉಟ್ಟು ಯಾವ ಬೇಟೆಗಾರ ಬಂದಾನು? ನಗುತ್ತಲೇ ಅಡಗಿ ಕೂರಲು ಆಪುಹುಲ್ಲಿನ ಪೊದೆ ತೋರಿಸಿ ಹೋದ. ಅಸಲಿ ತೊಟ್ಟಿದ್ದರೆ ಅಂದು ನಾವು ಠಾಣೆಯಲ್ಲಿರುತ್ತಿದ್ದೆವು!

ಕೂತೆವು. ಮುಂದೆ ಅವರಿಬ್ಬರು, ಹಿಂದೆ ನಾನು. ಎಷ್ಟೋ ಹೊತ್ತು ಬರೀ ಬಿಳುಪು. ಆಮೇಲೆ ಆ ಬಿಳುಪಿನೊಳಗೆ ಎರಡು ಬೂದು ನೆರಳುಗಳು ಗಟ್ಟಿಯಾದವು. ಕೆಂಪು ತಲೆ. ಉದ್ದನೆಯ ಕಾಲನ್ನು ನೀರಿನಿಂದ ಎತ್ತಿ, ಯೋಚಿಸಿ, ಮತ್ತೆ ನೀರಿಗೇ ಇಡುತ್ತ ನಮ್ಮತ್ತಲೇ ಬಂದವು. ಇನ್ನೂ ಹತ್ತಿರ. ಮಾಮಿ ಎಲ್ಲೋ ಬದಿಗೆ ನೋಡುತ್ತಿದ್ದರು. ಅದನ್ನು ಕಂಡ ಮಾಮಾ ತಡೆಯಲಾರದೆ ಅವರ ಕಡೆ ತಿರುಗಿಬಿಟ್ಟರು.

ಪರಪರ!

ಕಹಳೆಯಂಥ ಕೂಗು. ರೆಕ್ಕೆ ಬಿಚ್ಚಿದ್ದೇ ತಡ, ಎರಡೂ ನಮ್ಮ ತಲೆಯ ಮೇಲಿಂದ ಮಂಜಿನೊಳಗೆ ಹೊರಟುಹೋದವು. ನೀರು ಖಾಲಿ. ಮಾಮಾನ ಮುಖ ಅದಕ್ಕಿಂತ ಖಾಲಿ.

"ಬಂದಾವೇನ್ರಿ?" ಎಂದರು ಮಾಮಿ ಮೆಲ್ಲಗೆ, ಖಾಲಿ ನೀರಿನತ್ತ ತಿರುಗಿ.

ಮಾಮಾ ದನಿ ತಗ್ಗಿಸಿದರು.

"ಬಂದಾವ. ಎರಡ ಅದಾವ. ಸನೇಕ."

"ಏನ್ ಮಾಡಾಕತ್ತಾವ?"

"ಒಂದು... ಕುತ್ತಿಗಿ ಬಗ್ಗಿಸಿ ನೀರು ನೋಡಾಕತ್ತದ. ತಲಿ ಏನ್ ಕೆಂಪಂತೀ, ಈಗರೆ ಕುಂಕುಮ ಹಚ್ಚಿಧಾಂಗ. ಇನ್ನೊಂದು ಜೊಂಡು ಕಚ್ಚಿ ಮ್ಯಾಲೆ ತೂರ್ತು. ಹಾಂ, ಮತ್ತ ಹಿಡೀತು ನೋಡು."

ಕೈಯಾಡಿಸದೆ, ಪಿಸುದನಿಯಲ್ಲಿ, ಮಾಮಾ ಹೇಳುತ್ತಲೇ ಹೋದರು. ಮಾಮಿ ಆಗಾಗ "ಹೂಂ" ಎನ್ನುತ್ತಿದ್ದರು. ಅಂಗಿಗಳು ಒಮ್ಮೆಯೂ ಸದ್ದು ಮಾಡಲಿಲ್ಲ. ಬಿಸಿಲು ಬಂದು ಮಂಜು ಪೂರ್ತಿ ಕರಗುವವರೆಗೂ ಹಾಗೇ ಕೂತಿದ್ದೆವು.

ಹಳ್ಳಿಯ ಚಹಾದಂಗಡಿಯಲ್ಲಿ ಮಾಮಾ ಚಹಾ ತರಲು ಹೋದಾಗ ನಾನು ಮಾಮಿಯ ಪಕ್ಕ ಬೆಂಚಿನ ಮೇಲೆ ಕೂತೆ.

"ಚೊಲೋ ಕಂಡ್ವೇನ್ರಿ ಮಾಮಿ?"

ಮಾಮಿ ತೋಳಿಗಂಟಿದ ಆಪಿನ ಗರಿ ಕೀಳುತ್ತ ಹೇಳಿದರು: "ಹಾರಿ ಹೋಗೂ ಮುಂದ ರೆಕ್ಕಿ ಗಾಳಿ ನನ್ನ ಮಾರಿಗೇ ಬಡೀತೋ ತಮ್ಮಾ. ಕಣ್ಣು ಮಂಜಾಗ್ಯಾವ, ಕಿವಿ ನೆಟ್ಟಗ ಅದಾವಲ್ಲ."

"ಮತ್ತ... ಬಂದಾವೇನ್ರಿ ಅಂತ ಯಾಕ ಕೇಳಿದ್ರಿ? ಯಾಕ ಸುಮ್ಮನ ಕುಂತ್ರಿ?"

"ತಮ್ಮಿಂದ ಹಾರಿದ್ವು ಅಂತ ಅವರು ನೊಂದ್ಕೋಬಾರದಂತ ಕೇಳಿದೆ. ಇಷ್ಟ ವರ್ಷದಾಗ ಅವರು ನನ್ನ ಕೂಡ ಇಷ್ಟೊತ್ತು, ಅಷ್ಟು ಸಣ್ಣ ದನೀಲೆ ಮಾತಾಡಿದ್ದ ಇಲ್ಲೋ. ನಡುವ ಹೆಂಗ ತಡೀಲಿ?"

ಮಾಮಾ ಮೂರು ಲೋಟ ಹಿಡಿದು, ಚೆಲ್ಲದಂತೆ ನಿಧಾನಕ್ಕೆ ಬಂದರು. ಮಾಮಿ ತಮ್ಮ ಲೋಟ ಇಸಿದುಕೊಂಡು ಸ್ವಲ್ಪ ಸರಿದು ಜಾಗ ಮಾಡಿದರು.

"ಆ ಎರಡನೇದು ಆಮ್ಯಾಲೆ ಏನ್ ಮಾಡ್ತುರೀ? ಅರ್ಧಕ್ಕ ನಿಲ್ಲಿಸಿಬಿಟ್ರಿ."

ಮಾಮಾ ಚಹಾ ಕೆಳಗಿಟ್ಟು, ದನಿ ಸಣ್ಣ ಮಾಡಿ, ಮುಂದುವರಿಸಿದರು.