ಮರ್ಯಾದೆ ಕಲಿತ ಫೋನುಗಳು

“ನೋಡೇ ಸಿದ್ದಮ್ಮ, ಇನ್ಮೇಲೆ ಈ ಬೀದೀಲಿ ಯಾರೂ ನೀರಿಗೆ ಕಾಯ್ಬೇಕಾಗಿಲ್ಲ!”

ನಿವೃತ್ತ ವಿಜ್ಞಾನ ಮೇಷ್ಟ್ರು ಚನ್ನವೀರಯ್ಯ ಫೋನನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದರು. ಅವರ ಹೆಂಡತಿ ಗುರುಸಿದ್ದಮ್ಮನಿಗೆ ನಂಬಿಕೆ ಬರಲಿಲ್ಲ. ನೀರುಗಂಟಿ ತನಗೆ ಮನಸ್ಸು ಬಂದಾಗ ಬೀದಿಯ ವಾಲ್ವ್ ತಿರುಗಿಸುತ್ತಿದ್ದ. ಜನಕ್ಕೆ ಗೊತ್ತಾಗುವಷ್ಟರಲ್ಲಿ ನೀರು ನಿಂತಿರುತ್ತಿತ್ತು. ನಾಳೆ ಮಗಳ ಸೀಮಂತ, ಇವತ್ತು ಹಂಡೆಯ ತಳ ಕಾಣುತ್ತಿತ್ತು!

ವಾಲ್ವ್ ತಿರುಗಿದ ಕೂಡಲೇ ಎಲ್ಲರಿಗೂ ಸುದ್ದಿ ಮುಟ್ಟಿಸಲು ಮೇಷ್ಟ್ರು ‘ನೀರು ಬಂತು’ ಎಂಬ ಆ್ಯಪ್ ಮಾಡಿದ್ದರು. ಇದರಿಂದ ಜಗತ್ತಿಗೇನು ಉಪಯೋಗ ಎಂದು ದೊಡ್ಡ ಆ್ಯಪ್ ಅಂಗಡಿಯವರು ಅದನ್ನು ತಳ್ಳಿಹಾಕಿದರು. ಮೇಷ್ಟ್ರಿಗೆ ಹಟ ಹತ್ತಿತು. ಫೋನು ನಡೆಸುವ ತಮ್ಮದೇ ಮುಕ್ತ ವ್ಯವಸ್ಥೆ ಬರೆದು ಬೀದಿಯವರ ಫೋನಿಗೆಲ್ಲ ತುಂಬಿದರು. ಅಂಗಡಿಯ ಹಂಗಿಲ್ಲ, ಆ್ಯಪು ಫೋನಿಂದ ಫೋನಿಗೆ ತಾನೇ ಹೋಗುತ್ತದೆ! ವಾಲ್ವಿಗೂ ಅದೇ ವ್ಯವಸ್ಥೆಯ ಪೆಟ್ಟಿಗೆ, ಜೊತೆಗೊಂದು ಮೋಟಾರು.

“ಮೋಟಾರ್ ಯಾಕ್ರೀ?”

“ಮುಂದಕ್ಕೆ ಬೇಕಾಗುತ್ತೆ, ಇರ್ಲಿ ಬಿಡೆ!”

ಗುಂಡಿ ಒತ್ತಿದರು. ಆ್ಯಪು ಎದುರುಮನೆ ಪಾರ್ವತಕ್ಕನ ಫೋನಿಗೆ ಹೋಯಿತು. ಮರುಕ್ಷಣ ಆಕೆಯ ಫೋನಿನ ಟಾರ್ಚ್ ಆ್ಯಪು ಇಲ್ಲಿಗೆ ಬಂತು!

“ಇದ್ಯಾಕೆ ಬಂತು?”

“ಪಲ್ಯ ಬಂದ ಬಟ್ಟಲನ್ನ ಖಾಲಿ ಕಳಿಸಬಾರದು ಅಂತ ನೀನೇ ಹೇಳ್ತೀಯಲ್ಲ, ಅದನ್ನೇ ಇದರಲ್ಲಿ ಬರೆದಿದ್ದೀನಿ. ಯಾರೂ ಬರೀ ಇಸ್ಕೊಳ್ಳೋರು ಆಗಬಾರದು ನೋಡು!”

“ಮತ್ತೆ ಟಾರ್ಚ್ ಇಸ್ಕೊಂಡು ನಿಮ್ಮ ಫೋನು ಸುಮ್ನಿರುತ್ತಾ?”

ಸುಮ್ಮನಿರಲಿಲ್ಲ. ಅದು ಕ್ಯಾಲ್ಕುಲೇಟರ್ ಕಳಿಸಿತು. ಅಲ್ಲಿಂದ ಪಂಚಾಂಗ ಬಂತು. ಬೀದಿಯ ಫೋನುಗಳೆಲ್ಲ ಉಪಚಾರಕ್ಕೆ ನಿಂತವು. ಆ್ಯಪುಗಳೆಲ್ಲ ಮುಗಿದ ಮೇಲೆ ಫೋಟೋಗಳು ಹೊರಟವು. ದರ್ಜಿ ಮಹದೇವಪ್ಪನ ಹೆಂಡತಿ ಸಾಕ್ಷಿಗೆಂದು ರೆಕಾರ್ಡ್ ಮಾಡಿಟ್ಟಿದ್ದ ಅವನ ಗೊರಕೆ ಮನೆಮನೆಯಲ್ಲೂ ಮೊಳಗಿತು! ಜನ ಬೀದಿಗೆ ಬಂದು ಕೂಗಾಡಿದರು.

“ನಿಲ್ಲಿಸ್ರೀ, ಮಾನ ಹೋಗ್ತಿದೆ!” ಎಂದಳು ಗುರುಸಿದ್ದಮ್ಮ.

“ಅರ್ಧಕ್ಕೆ ಬಿಡೋನಲ್ಲ ಕಣೇ ನಾನು!”

ಅಷ್ಟರಲ್ಲಿ ಫೋನುಗಳ ಕಣ್ಣು ವಾಲ್ವಿನ ಪೆಟ್ಟಿಗೆಯ ಮೇಲೆ ಬಿತ್ತು. ಹೊಸ ನೆಂಟ! ಬೀದಿಯವರ ಸರಕೆಲ್ಲ ಅದರ ಹೊಟ್ಟೆ ಸೇರಿತು. ಪಾಪ, ತಿರುಗಿ ಕೊಡಲು ಅದರ ಹತ್ತಿರ ಏನಿತ್ತು? ಮೋಟಾರು ಗುರ್ ಎಂದಿತು. ವಾಲ್ವ್ ತಿರುಗಿತು.

ನಲ್ಲಿಗಳಲ್ಲೆಲ್ಲ ಧೋ ಎಂದು ನೀರು! ಬೈಯುತ್ತಿದ್ದವರು ಬಿಂದಿಗೆಗೆ ಓಡಿದರು. ಗುರುಸಿದ್ದಮ್ಮನ ಹಂಡೆ, ಡ್ರಮ್ಮು, ಕೊನೆಗೆ ಒರಳುಕಲ್ಲಿನ ಗುಂಡಿಯೂ ತುಂಬಿತು. ಆಕೆಗೆ ಅಳುವಷ್ಟು ಸಂತೋಷವಾಯಿತು.

ನೀರುಗಂಟಿ ಏದುಸಿರು ಬಿಡುತ್ತ ಬಂದ. “ಏನ್ ಮಾಡಿದ್ರಿ ಸಾರ್? ನಿಲ್ಸಿದ್ರೂ ನಿಲ್ತಿಲ್ಲ!”

“ತಗೊಂಡಿದ್ದಕ್ಕೆ ವಾಪಸ್ ಕೊಡ್ತಿದೆ ಕಣಪ್ಪ, ಇನ್ನೂ ಮುಗಿದಿಲ್ಲ” ಎಂದರು ಮೇಷ್ಟ್ರು.

ಗುರುಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

“ರೀ, ಕಂದಾಯ ಇಸ್ಕೊಂಡು ಸುಮ್ನಿರ್ತಾರಲ್ಲ ಪುರಸಭೆಯೋರು, ಅವರ ಫೋನಿಗೂ ಇದನ್ನ ಹಾಕಿಬಿಡ್ರೀ.”