ಲಂಡನ್ ರ‍್ಯಾಪಿಗೆ ಜಯನಗರದ ವಿಮರ್ಶೆ

ನಮ್ಮ ಮನೇಲಿ ಏನಾದರೊಂದು ಫಜೀತಿ ನಡೀದೆ ಎರಡು ತಿಂಗಳು ಕಳೆದರೆ ನನಗೇ ಅನುಮಾನ ಬರುತ್ತೆ, ಎಲ್ಲರೂ ಹುಷಾರಾಗಿದಾರೆ ತಾನೆ ಅಂತ. ಈ ಸಲದ್ದು ಲಂಡನ್ನಿಂದ ಬಂತು. ನಮ್ಮ ಯಜಮಾನರ ತಂಗಿ ಮಗಳು ಅಲ್ಲೇ ಹುಟ್ಟಿ ಬೆಳೆದವಳು. ಇಪ್ಪತ್ತೆರಡು ವರ್ಷ, ರ‍್ಯಾಪ್ ಹಾಡ್ತಾಳೆ. ಹಾಡ್ತಾಳೆ ಅನ್ನೋದು ಸರಿಯೋ ಮಾತಾಡ್ತಾಳೆ ಅನ್ನೋದು ಸರಿಯೋ, ನಮ್ಮ ಬ್ಲಾಕಿನಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಮೊದಲನೇ ಆಲ್ಬಂ ಬಿಡುಗಡೆ ಆದ ದಿನ ನನಗೆ ಫೋನ್ ಮಾಡಿದಳು.

"ಮಾಮಿ, ಹನ್ನೊಂದು ಹಾಡಿದೆ. ಯಾರು ಏನಂದ್ರೂ ನಂಗೆ ಚಿಂತೆ ಇಲ್ಲ. ಅಜ್ಜಿ ಏನಂತಾರೆ, ಅಷ್ಟು ಹೇಳಿ. ಅವರಿಗೆ ಪ್ಲೇ ಮಾಡೋಕೆ ಬರಲ್ಲ, ನೀವೇ ಕೇಳಿಸಬೇಕು."

ಅಜ್ಜಿ ಅಂದರೆ ನಮ್ಮತ್ತೆ. ಎಂಬತ್ನಾಲ್ಕು ವರ್ಷ. ಅಡುಗೆಮನೇಲಿ ಡಬ್ಬದ ಮುಚ್ಚಳ ತೆಗೆದರೆ ನಡುಮನೇಲಿ ಕೂತೇ ಅದು ಯಾವ ಡಬ್ಬ ಅಂತ ಹೇಳೋ ಕಿವಿ. "ಆಯ್ತು ಪುಟ್ಟ, ಇವತ್ತೇ ಕೇಳಿಸ್ತೀನಿ" ಅಂದುಬಿಟ್ಟೆ. ನನ್ನ ಬಾಯಿ ಯಾವಾಗಲೂ ಹಾಗೇ, ನನಗಿಂತ ಮುಂದೆ ಹೋಗುತ್ತೆ.

ಮಂಗಳಾರತಿ

ನಮ್ಮಲ್ಲಿ ಹೊಸದು ಏನು ಬಂದರೂ ಮೊದಲು ದೇವರ ಮುಂದೆ ಇಡಬೇಕು. ಸೀರೆ, ಗಾಡಿ ಕೀ, ಲಗ್ನಪತ್ರಿಕೆ, ಒಂದು ಸಲ ಗೀಸರಿನ ವಾರಂಟಿ ಕಾರ್ಡು ಕೂಡ. "ಮಗೂದು ಆಲ್ಬಂ ತನ್ನಿ" ಅಂದರು ನಮ್ಮತ್ತೆ. ಕೈಯಲ್ಲಿ ಹಿಡಿಯೋ ವಸ್ತು ಇದ್ದರೆ ತಾನೆ ತರೋದು? ಎಲ್ಲ ಫೋನೊಳಗೇ. ಯಜಮಾನರು ಆಲ್ಬಮ್ಮಿನ ಚಿತ್ರ ತೆರೆದು ಫೋನನ್ನೇ ಬೆಳ್ಳಿ ತಟ್ಟೇಲಿ ಇಟ್ಟರು. ಆರತಿ ಶುರುವಾಯ್ತು. ನಮ್ಮತ್ತೆ ಕುಂಕುಮದ ಬೆರಳು ತಂದು ಚಿತ್ರದ ನಡುಮಧ್ಯೆ ಭಕ್ತಿಯಿಂದ ಒತ್ತಿದರು. ಪ್ಲೇ ಬಟನ್ ಇದ್ದದ್ದೂ ಅಲ್ಲೇ.

ಮೊದಲನೇ ಸಾಲಲ್ಲೇ, ನಾನು ಇಲ್ಲಿ ಬರೆಯಲಾರದ ಒಂದು ಇಂಗ್ಲಿಷ್ ಪದ ಬಂತು. ಎರಡನೇ ಸಾಲಲ್ಲಿ ಅದೇ ಪದ ಎರಡು ಸಲ. ಯಜಮಾನರು ಗಾಬರಿಯಾಗಿ, ಹಾಡು ಮುಚ್ಚಿಹೋಗಲಿ ಅಂತ ಗಂಟೆ ಎತ್ಕೊಂಡರು. ಒಂದು ಕೈಯಲ್ಲಿ ಮಂಗಳಾರತಿ, ಇನ್ನೊಂದರಲ್ಲಿ ಗಂಟೆ, ಫೋನ್ ನಿಲ್ಲಿಸೋಕೆ ಮೂರನೇ ಕೈ ಇಲ್ಲ. ನನ್ನ ಕಡೆ ಕಣ್ಣು ಸನ್ನೆ ಮಾಡ್ತಾರೆ. ನಾನು ಮಡಿಯಲ್ಲಿಲ್ಲ, ದೇವರ ಮನೆ ಹೊಸಿಲು ದಾಟೋ ಹಾಗಿಲ್ಲ. ಪಾಪ, ಹಾಡು ಮುಗಿಯೋವರೆಗೂ ಬಾರಿಸಿದರು, ಬೆವರು ಹರೀತಿತ್ತು.

ನಮ್ಮತ್ತೆ ಕಣ್ಣು ತೆರೆದು ಕೈಮುಗಿದರು. "ರಿಟೈರ್ ಆದಮೇಲಾದರೂ ಇವನಿಗೆ ಭಕ್ತಿ ಬಂತಲ್ಲ, ಎಲ್ಲ ಆ ಮಗು ಆಲ್ಬಂ ಮಹಿಮೆ" ಅಂದರು.

ಅವರ ಪ್ರಕಾರ ಪೂಜೆ ಆಯ್ತು, ಆಲ್ಬಮ್ಮಿನ ಕೆಲಸ ಅಲ್ಲಿಗೆ ಮುಗೀತು. ಯಜಮಾನರ ಪ್ರಕಾರವೂ ಮುಗೀತು. "ಅಮ್ಮನ ಕಿವಿಗೆ ಇದು ಬೀಳಬಾರದು, ಬಿದ್ದರೆ ನನ್ನ ತಂಗಿ ತನ್ನ ಮಗಳನ್ನ ಬೆಳೆಸಿದ್ದು ಹೀಗಾ ಅಂತ ಶುರುವಾಗುತ್ತೆ" ಅಂತ ನನಗೆ ತಾಕೀತು ಮಾಡಿದರು.

ತನಿ ಆವರ್ತನ

ನಮ್ಮ ಪಕ್ಕದ ಮನೆಯವರು ಇಲ್ಲಿಯ ಸಂಗೀತ ಸಭೆಯ ಕಾರ್ಯದರ್ಶಿ. ಮೂವತ್ತು ವರ್ಷದಿಂದ ರಾಮನವಮಿ ಕಚೇರಿಗಳನ್ನ ಮೊದಲನೇ ಸಾಲಲ್ಲಿ ಕೂತು ಕೇಳಿ, ಹಾಡಿದವರಿಗೆ ಅವರ ತಪ್ಪು ಹೇಳಿಯೇ ಊಟಕ್ಕೆ ಹೋಗೋವರು. ಅಭಿಪ್ರಾಯ ಕೊಡ್ತೀನಿ ಅಂತ ತಾವಾಗಿ ಬಂದರು. ನಮ್ಮತ್ತೆ ಮಧ್ಯಾಹ್ನದ ನಿದ್ದೇಲಿದ್ದರು, ಕೋಣೆ ಬಾಗಿಲು ಹಾಕಿ ಆಲ್ಬಂ ಹಚ್ಚಿದೆ.

ಇವರು ತೊಡೆ ಮೇಲೆ ತಾಳ ಹಾಕೋಕೆ ಶುರು ಮಾಡಿದರು. "ಶುರುವಿಗೆ ಒಂದು ವರ್ಣ ಇಲ್ಲವೇನಮ್ಮ? ನೇರ ವಿಷಯಕ್ಕೇ ಬಂದುಬಿಟ್ಟಳಲ್ಲ." ಅಷ್ಟರಲ್ಲಿ ಡ್ರಮ್ಸ್ ಜೋರಾಯ್ತು. ಕಚೇರೀಲಿ ಮೃದಂಗದವರ ತನಿ ಆವರ್ತನ ಬಂದರೆ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ಹೋಗೋದು ನಮ್ಮ ಪದ್ಧತಿ. ಇವರಿಗೆ ಮೂವತ್ತು ವರ್ಷದ ಅಭ್ಯಾಸ, ಕಾಲು ತಾನಾಗೇ ಎದ್ದಿತು. ಅಡುಗೆಮನೆಗೆ ಬಂದು "ಒಂದು ಕಾಫಿ ಕೊಡಮ್ಮ, ತನಿ ಮುಗಿಯಲಿ" ಅಂದರು.

ಕಾಫಿ ಕುಡಿದು ಹೋಗಿ ಕೂತರು. ಮತ್ತೆ ಡ್ರಮ್ಸ್. ಮತ್ತೆ ಅಡುಗೆಮನೆ. ಇಡೀ ಆಲ್ಬಂ ಡ್ರಮ್ಸೇ ಅಂತ ಅವರಿಗೆ ಯಾರು ಹೇಳಬೇಕು? ನಾಲ್ಕನೇ ಲೋಟಕ್ಕೆ ನನ್ನ ಡಿಕಾಕ್ಷನ್ ಮುಗೀತು, ಆಲ್ಬಮ್ಮೂ ಮುಗೀತು. ಹೊರಡುವಾಗ ತೀರ್ಪು ಕೊಟ್ಟರು. "ಹುಡುಗಿ ತಾಳ ಗಟ್ಟಿ. ಆದರೆ ಪಕ್ಕವಾದ್ಯದವರಿಗೆ ಇಷ್ಟು ಸಮಯ ಕೊಡಬಾರದು. ಜನ ಎದ್ದು ಹೋಗ್ತಾರೆ."

ಸಾಹಿತ್ಯ

ಫ್ಯಾಮಿಲಿ ಗ್ರೂಪಿನಲ್ಲಿ ಲಿಂಕ್ ಹಾಕಿದ ಒಂದೇ ನಿಮಿಷಕ್ಕೆ ನಲವತ್ತು ಜನ ಕೈಮುಗಿದರು. ಒಬ್ಬರೂ ಕೇಳಿರಲಿಲ್ಲ, ಅದೇ ಪುಣ್ಯ. ಬನಶಂಕರಿಯ ದೊಡ್ಡಮ್ಮ ಒಬ್ಬರು ಮಾತ್ರ ಫೋನ್ ಮಾಡಿ "ರ‍್ಯಾಪ್ ಅಂದರೆ ಏನು?" ಅಂತ ಹಿಡ್ಕೊಂಡರು. ಯಜಮಾನರು ತಡವರಿಸಿ, "ಇಂಗ್ಲಿಷ್ ಸಾಹಿತ್ಯ ದೊಡ್ಡಮ್ಮ. ಸ್ವಂತ ಪದ್ಯ ಬರೆದು ಸ್ವಲ್ಪ ವೇಗವಾಗಿ ಓದ್ತಾಳೆ" ಅಂದರು.

ಎರಡೇ ದಿನಕ್ಕೆ ಜೆ.ಪಿ. ನಗರದಿಂದ ಒಬ್ಬರು ಜಾತಕ ಕೇಳಿ ಫೋನ್ ಮಾಡಿದರು. "ಸಾಹಿತ್ಯದ ಹುಡುಗಿ ಅಂತ ನಿಮ್ಮ ದೊಡ್ಡಮ್ಮ ಹೇಳಿದರು, ತುಂಬ ಸಂತೋಷ. ವೇಗವಾಗಿ ಓದಿದರೂ ಪರವಾಗಿಲ್ಲ ಮೇಡಂ. ನಮ್ಮ ಹುಡುಗ ನಿಧಾನ, ಸರಿಹೋಗುತ್ತೆ."

ಎಂಟನೇ ಹಾಡು

ಈ ಮಧ್ಯೆ ಹುಡುಗಿ ದಿನಾ ಕೇಳ್ತಿದ್ದಳು, ಅಜ್ಜಿ ಏನಂದ್ರು ಅಂತ. ಸೋಮವಾರ ಅಜ್ಜಿಗೆ ನೆಗಡಿ ಅಂದೆ. ಮಂಗಳವಾರ ಕಿವಿನೋವು. ಬುಧವಾರ ಏಕಾದಶಿ, ಹಾಡು ಕೇಳಲ್ಲ ಅಂದೆ. ಗುರುವಾರ ಅವಳ ಧ್ವನಿ ಸಣ್ಣಗಾಗಿತ್ತು.

"ಮಾಮಿ, ಅಜ್ಜಿಗೆ ಬೇಜಾರಾಗಿದೆ ಅಲ್ವಾ? ಇಲ್ಲಿ ಪೇಪರಲ್ಲಿ ಎಲ್ಲ ಹೊಗಳಿದಾರೆ, ಎಂಟನೇ ಹಾಡೇ ಬೆಸ್ಟ್ ಅಂತಾರೆ. ಆದರೆ ಅದರಲ್ಲಿರೋದು ಅಜ್ಜಿ ವಾಯ್ಸು. ಕೇಳದೇ ಹಾಕ್ಬಿಟ್ಟೆ. ಅವರಿಗೆ ಇಷ್ಟ ಆಗದಿದ್ರೆ ನಾಳೆನೇ ತೆಗೆದುಬಿಡ್ತೀನಿ."

ಮಗುವನ್ನ ಮೂರು ದಿನ ಸುಳ್ಳು ಹೇಳಿ ಅಳಿಸಿದ್ದೀನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಯಜಮಾನರು ಬೇಡ ಬೇಡ ಅಂತಿದ್ದ ಹಾಗೇ ಹೋಗಿ, ಅವರೆಕಾಯಿ ಬಿಡಿಸ್ತಿದ್ದ ನಮ್ಮತ್ತೆ ಮುಂದೆ ಕೂತು ಎಂಟನೇ ಹಾಡು ಹಚ್ಚಿದೆ.

ನಮ್ಮತ್ತೆಗೆ ಫೋನಿನಲ್ಲಿ ಬರೋ ವಿದ್ಯೆ ಒಂದೇ. ವಾಟ್ಸಾಪಿನಲ್ಲಿ ಮೈಕ್ ಒತ್ತಿ ಹಿಡಿದು ಮೊಮ್ಮಗಳಿಗೆ ಬೈಯೋದು. ಆ ಬೈಗುಳವನ್ನೇ ಅವಳು ಡ್ರಮ್ಸ್ ಮೇಲೆ ಕೂರಿಸಿದ್ದಳು. "ತಲೆಗೆ ಎಣ್ಣೆ ಹಚ್ಕೊಂಡ್ಯಾ, ಹೊತ್ತಿಗೆ ಸರಿಯಾಗಿ ಉಂಡ್ಯಾ, ಹರಿದ ಪ್ಯಾಂಟು ಹಾಕ್ಕೊಂಡು ಯಾಕೆ ಓಡಾಡ್ತೀಯ, ಹೊಲಿಯೋಕೆ ಬರಲ್ವಾ..." ಎಲ್ಲೂ ನಿಲ್ಲದೆ ಹೋಗ್ತಾನೇ ಇದೆ. ನಡುವೆ ಇವಳ ಇಂಗ್ಲಿಷ್, ಮತ್ತೆ ಅಜ್ಜಿ.

ನಮ್ಮತ್ತೆ ಕೈ ಅವರೆಕಾಯಿ ಮೇಲೆ ನಿಂತುಹೋಯ್ತು. ಯಜಮಾನರು ಬಾಗಿಲ ಹಿಂದೆ ನಿಂತಿದ್ದರು. ಹಾಡು ಮುಗೀತು.

"ಪಾಪ, ಮಗು ನಡುನಡುವೆ ಉಸಿರು ತಗೊಳ್ತಾಳೆ" ಅಂದರು ನಮ್ಮತ್ತೆ. "ನಾನು ಎಲ್ಲಾದರೂ ತಗೊಂಡೆನಾ, ನೋಡು." ಸೆರಗಲ್ಲಿ ಕಣ್ಣು ಒರೆಸಿಕೊಂಡರು. "ತೆಗೀಬೇಡ ಅಂತ ಹೇಳು. ಬಂದಾಗ ನಾನೇ ಎಣ್ಣೆ ಹಚ್ತೀನಿ ಅಂತಲೂ ಹೇಳು."

ನನಗೂ ಕಣ್ಣಲ್ಲಿ ನೀರು ಬಂತು. ಅಲ್ಲಿಗೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರ್ತಿತ್ತು. ಹುಡುಗಿಗೆ ಫೋನ್ ಮಾಡಿ ಹೇಳಿದೆ. ಅತ್ತಳು, ನಕ್ಕಳು, ಆಮೇಲೆ "ಮಾಮಿ, ಹಾಡಿನ ಕೊನೇಲಿ ಒಂದು ಲೈನ್ ಇತ್ತು, ಶೋನಲ್ಲಿ ಅದೇ ಹಿಟ್ ಆಗಿದೆ, ನಿಮಗೆ ಪರವಾಗಿಲ್ಲ ತಾನೆ?" ಅಂತ ಒಂದು ವೀಡಿಯೊ ಕಳಿಸಿದಳು. ನಮ್ಮತ್ತೆ ಮುಖ ನೋಡೋ ಗಡಿಬಿಡೀಲಿ ಆ ಕೊನೆ ಸಾಲಿಗೆ ನಾನು ಗಮನವೇ ಕೊಟ್ಟಿರಲಿಲ್ಲ.

ವೀಡಿಯೊದಲ್ಲಿ ದೊಡ್ಡ ಸಭಾಂಗಣ, ಅದರ ತುಂಬ ಬಿಳಿ ಹುಡುಗ ಹುಡುಗೀರು. ಸ್ಪೀಕರಿನಲ್ಲಿ ನಮ್ಮತ್ತೆ ಧ್ವನಿ: "ಇಲ್ಲಿ ನನ್ನ ಸೊಸೆ ಸಾರು ಮಾಡಿದಾಳೆ." ಅಷ್ಟೂ ಜನ ಕೈಯೆತ್ತಿ ಕುಣೀತಾ, ಚೊಕ್ಕ ಕನ್ನಡದಲ್ಲಿ, "ಉಪ್ಪೇ ಇಲ್ಲ! ಉಪ್ಪೇ ಇಲ್ಲ!"

ಯಜಮಾನರು ಮೂರು ಸಲ ಹಾಕಿಸಿಕೊಂಡು ನೋಡಿದರು. ನಮ್ಮತ್ತೆ ಒಂದು ಸಲ ನೋಡಿ, "ಅವರಿಗೂ ಗೊತ್ತಾಗಿದೆ" ಅಂದರು.

ಮಾರನೇ ದಿನ ಹಟಕ್ಕೆ ಬಿದ್ದು ಸಾರಿಗೆ ಒಂದು ಚಮಚ ಉಪ್ಪು ಹೆಚ್ಚೇ ಹಾಕಿದೆ. ನಮ್ಮತ್ತೆ ಒಂದು ತುತ್ತು ಬಾಯಿಗಿಟ್ಟರು. ತಟ್ಟೆ ಪಕ್ಕಕ್ಕೆ ಸರಿಸಿದರು. ಎಡಗೈಯಲ್ಲಿ ಫೋನ್ ತಗೊಂಡು ಮೈಕ್ ಒತ್ತಿ ಹಿಡಿದು, ನನ್ನ ಮುಖವನ್ನೇ ನೋಡ್ತಾ ಹೇಳಿದರು.

"ಪುಟ್ಟಾ, ಎರಡನೇ ಆಲ್ಬಮ್ಮಿಗೆ ಬರ್ಕೋ."