ಟಿಕೀಟಿಗೆ ಒಂದು ಒಣ ಕಟ್ಟಿಗೆ

ನಮ್ಮ ಕಾಕಾನಿಗೆ ಸಂಗೀತ ಬರುತ್ತಿರಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಬರುತ್ತಿತ್ತು ಎಂದರೆ ಸಂಗೀತವೇ ತಹಶೀಲಿಗೆ ಹೋಗಿ ನನ್ನ ಮೇಲೆ ಫಿರ್ಯಾದಿ ಕೊಟ್ಟೀತು! ಶಹಾಪುರದ ಅಡತಿ ಅಂಗಡಿಯೊಂದರಲ್ಲಿ ಜೋಳ, ಶೇಂಗಾ ಅಳೆದುಕೊಂಡಿದ್ದವರು ಅವರು. ಹಾಡಲು ಬಾಯಿ ತೆರೆದರೆ ಹಿತ್ತಲಲ್ಲಿ ಕಟ್ಟಿದ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಇಂಥವರು ಶಹಾಪುರ, ಸುರಪುರ, ಯಾದಗಿರಿ ಮೂರೂ ಊರಿನ ಮಂದಿಯನ್ನು ಕೂಡಿಸಿ ಒಂದು ದೊಡ್ಡ ಮೇಳ ಕಟ್ಟಿದರು ಎಂದರೆ ನಂಬುತ್ತೀರಾ? ನಂಬಬೇಡಿ. ಅದರಲ್ಲಿ ಕೂತು ಹಾಡಿದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಆಗ ನಿಜಾಮರ ರಾಜ್ಯ ಹೋಗಿ ಹೊಸ ಸರ್ಕಾರ ಬಂದಿತ್ತು. ಹರಿದು ಹಂಚಿಹೋದ ಕನ್ನಡ ನಾಡು ಒಂದಾಗಬೇಕೆಂದು ಊರೂರಲ್ಲಿ ಭಾಷಣ. ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿ ಕಾಕಾನ ಮನೆಯಲ್ಲೇ ಉಂಡುಕೊಂಡಿದ್ದೆ. ಒಂದು ಸಂಜೆ ಅಂಥದೇ ಭಾಷಣ ಕೇಳಿ ಬಂದ ಕಾಕಾ, ಚಪ್ಪಲಿ ಬಿಡುವ ಮೊದಲೇ ಹೊಸ್ತಿಲಲ್ಲಿ ನಿಂತು ಸಾರಿದರು.

“ನಾಡು ಒಂದ ಆಗೂದು ದೊಡ್ಡವ್ರು ನೋಡ್ಕೋತಾರ. ನಾವು ಮೊದಲ ಡೊಳ್ಳು, ಪೇಟಿ ಒಂದ ಮಾಡೋಣು!”

“ಮೊದಲ ಕಾಲು ತೊಳ್ಕೊಂಡು ಒಳಗ ಬರ್ರಿ,” ಎಂದಳು ಅವರ ಹೆಂಡತಿ, ನಮ್ಮ ಚಿಗವ್ವ.

ಕಾಲು ತೊಳೆದರೋ ಇಲ್ಲವೋ ನೆನಪಿಲ್ಲ, ಮೇಳವಂತೂ ಕೂಡಿತು. ಡೊಳ್ಳಿನವರು ಬಂದರು, ರಾಶಿ ತುಳಿಸುವಾಗ ಹಂತಿ ಪದ ಹೇಳುವವರು ಬಂದರು, ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವವರು ಬಂದರು. ನಾಟಕ ಕಂಪನಿ ಮುಳುಗಿದಾಗ ಊರಿಗೆ ಹೋಗಲು ದಾರಿಖರ್ಚಿಲ್ಲದೆ ಇಲ್ಲಿಯೇ ಉಳಿದಿದ್ದ ಹಾರ್ಮೋನಿಯಂ ಪೇಟಿಯ ಮಾಸ್ತರರು, ಅವರ ತಬಲಾದವ ಬಂದರು. ಬೀಸುವ ಪದ ಹೇಳುವ ಹೆಂಗಸರನ್ನು ಕರೆದುಕೊಂಡು ಸ್ವತಃ ಚಿಗವ್ವ ಬಂದಳು. ಒಬ್ಬರ ದನಿ ಒಬ್ಬರಿಗೆ ಕೂಡುತ್ತಿತ್ತೇ? ಅತ್ತೆ ಸೊಸೆಯಾದರೂ ಕೂಡಿಯಾರು! ಎಲ್ಲರೂ ಒಟ್ಟಿಗೆ ಶುರು ಮಾಡುವುದೇ ಒಂದು ಸಾಹಸ.

ಅದಕ್ಕೆ ಕಾಕಾ ತಮ್ಮ ಅಂಗಡಿಯ ವಿದ್ಯೆ ತಂದರು. ಕಾಳು ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಕಾಕಾ ಕೈಯೆತ್ತಿ “ಲಾಭ, ಎರಡು, ಮೂರು, ನಾಕು!” ಎಂದರೆ ಸಾಕು, ಡೊಳ್ಳಿನಿಂದ ಹೆಂಗಸರವರೆಗೆ ಎಲ್ಲರೂ ಕೂಡಿಯೇ ಹೊರಡುತ್ತಿದ್ದರು. ನಡುವೆ ಬೇರೆ ಬೇರೆಯಾಗುತ್ತಿದ್ದರು, ಆ ಮಾತು ಬೇರೆ. ಒಮ್ಮೆ ಹೊರಗಿನಿಂದ ಬಂದಿದ್ದ ಸಾಹೇಬರೊಬ್ಬರು, “ಈ ಲಾಭ ಅಂದರೆ ಯಾವ ರಾಗ?” ಎಂದು ಕೇಳಿದರು. “ಇನ್ನಾ ತನಕ ಅದರ ಮಾರಿ ನೋಡಿಲ್ರಿ, ಬಂದ ಮ್ಯಾಲ ಹೇಳ್ತೀನಿ,” ಎಂದರು ಕಾಕಾ.

“ಹೊಲಕ್ಕ ಹಂಗಾಮು ಅದ, ಹಾಡಿಗಿ ಬ್ಯಾಡೇನು?” ಎಂಬುದು ಅವರ ವಾದ. ಹಾಗಾಗಿ ಹಂಗಾಮಿಗೊಂದು ಕಚೇರಿ. ಚಳಿಗಾಲದ್ದು ಶಹಾಪುರದಲ್ಲಿ, ಬೇಸಿಗೆಯದು ಯಾದಗಿರಿಯಲ್ಲಿ, ಮಳೆಗಾಲದ್ದು ಸುರಪುರದಲ್ಲಿ. ಚಳಿಗಾಲದ ಕಚೇರಿಗೆ ಟಿಕೀಟು ಎಂದರೆ ತಲೆಗೊಂದು ಕಟ್ಟಿಗೆ! ಅದನ್ನು ನಡುವೆ ಒಟ್ಟಿ ಬೆಂಕಿ ಹಾಕುವುದು, ಬೆಂಕಿ ಇರುವ ತನಕ ಹಾಡುವುದು, ಆರಿದರೆ ಮನೆಗೆ ಹೋಗುವುದು. ಎಂಥ ಚೆಂದದ ವಿಚಾರ! ಆದರೆ ಮೊದಲ ವರ್ಷ ನಮ್ಮ ಊರಿನ ಜಾಣರು ಒಣ ಕಟ್ಟಿಗೆಯನ್ನು ಮನೆಯ ಒಲೆಗೆ ಇಟ್ಟುಕೊಂಡು, ಅಂದೇ ಕಡಿದ ಹಸಿ ಜಾಲಿ ತಂದುಕೊಟ್ಟರು. ಬೆಂಕಿ ಹತ್ತಲಿಲ್ಲ, ಹೊಗೆ ಎದ್ದಿತು. ಡೊಳ್ಳಿನವರು ಪೇಟಿ ಮಾಸ್ತರರಿಗೆ ಕಾಣಲಿಲ್ಲ, ಪೇಟಿ ಮಾಸ್ತರರು ಪೇಟಿಗೆ ಕಾಣಲಿಲ್ಲ. ಹಾಡುವವರೆಲ್ಲ ಕೆಮ್ಮತೊಡಗಿದೆವು. ಮರುದಿನ ಸಂತೆಯಲ್ಲಿ ಒಬ್ಬ ಹಿರಿಯರು ನನ್ನ ಕೈ ಹಿಡಿದು, “ಮಾಸ್ತರ, ಕೆಮ್ಮಿದ್ದು ಮಾತ್ರ ತಾಳಕ್ಕ ಸರಿ ಇತ್ತು ನೋಡ್ರಿ,” ಎಂದು ಮೆಚ್ಚಿದರು. ಕಾಕಾ ಅಂದೇ ಒಂದು ಹಲಗೆಯ ಮೇಲೆ ‘ಹಸಿ ಕಟ್ಟಿಗೆ ನಡೆಯುವುದಿಲ್ಲ’ ಎಂದು ಬರೆಸಿದರು.

ಇಷ್ಟಾದರೆ ಹುಚ್ಚು ಎನ್ನಬಹುದಿತ್ತು. ಅದಕ್ಕೂ ದೊಡ್ಡ ಹುಚ್ಚು ಒಂದಿತ್ತು. ಮೇಳದ ನಡುವೆ ಒಂದು ಕುರ್ಚಿ, ಅದರ ಮೇಲೆ ಯಾರೂ ಇಲ್ಲ! ಕಚೇರಿಯ ಕೊನೆಯ ಪದದಲ್ಲಿ ಒಂದು ಕಡೆ ಎಲ್ಲರೂ ಗಪ್ಪನೆ ನಿಲ್ಲಿಸಬೇಕು. ತಬಲಾ ಮಾತ್ರ ಸಣ್ಣಗೆ ನಡೆಯುತ್ತಿರಬೇಕು. ಆಗ ಕಾಕಾ ಖಾಲಿ ಕುರ್ಚಿಯ ಕಡೆ ತಿರುಗಿ, ತಲೆ ಅಲ್ಲಾಡಿಸಿ, “ವಾಹ್! ವಾಹ್!” ಎನ್ನುವರು. ಮುಂದೆ ಕೂತ ಮಂದಿ ಒಬ್ಬರ ಮುಖ ಒಬ್ಬರು ನೋಡುವರು. ಹೆಂಡತಿಯಾದವಳಿಗೆ ಹೇಗಾಗಬೇಡ? ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಆ ಕುರ್ಚಿ, ಪದದೊಳಗಿನ ಆ ಖಾಲಿ ಜಾಗ, ಎರಡೂ ಹತ್ತಿರದ ಗೋಗಿ ಊರಿನ ಖಾಸಿಂಸಾಬರವು. ಕಾಕಾನ ಬಾಲ್ಯದ ಗೆಳೆಯರು. ಹಿಂದಿನ ಸರ್ಕಾರದ ಬ್ಯಾಂಡಿನಲ್ಲಿ ನಿಜಾಮರ ಸಲಾಮಿನ ಪದಗಳನ್ನು ಕ್ಲಾರನೆಟ್ಟಿನಲ್ಲಿ ನುಡಿಸುತ್ತಿದ್ದವರು. ಆ ಸರ್ಕಾರ ಹೋದ ಮೇಲೆ ಬ್ಯಾಂಡೂ ಹೋಯಿತು. ಅವರು ಗೋಗಿಗೆ ಮರಳಿ, ಅತ್ತರು, ಸುರ್ಮಾ ಮಾರುತ್ತ ಕೂತುಬಿಟ್ಟಿದ್ದರು. ಕ್ಲಾರನೆಟ್ ಸಂದೂಕ ಸೇರಿತ್ತು. ಕಾಕಾ ಅವರನ್ನು ಕರೆಯಲು ಹೋದಾಗ ನಾನೂ ಜೊತೆಗಿದ್ದೆ.

“ನನ್ ಬಾಜಾ ಕೇಳಿದ್ರ ಮಂದಿಗಿ ಹಳೇ ಸಲಾಮು ನೆನಪಾಗ್ತದ ಯಾರ್,” ಎಂದರು ಖಾಸಿಂಸಾಬರು. “ಅದು ಯಾರಿಗಿ ಬೇಕಾಗ್ಯದ ಈಗ? ನಾ ಊದಿದ್ರ ಎದ್ದು ಹೋಗ್ತಾರ.”

“ನನ್ನ ಹಾಡಿಗೇ ಎದ್ದು ಹೋಗಿಲ್ಲ ಮಂದಿ, ನಿನ್ನ ಬಾಜಾಕ್ಕ ಹೋಗ್ತಾರೇನು?”

ಖಾಸಿಂಸಾಬರು ನಕ್ಕರು. ಆದರೆ ತಲೆ ಅಡ್ಡವೇ ಆಡಿತು.

“ಕುರ್ಚಿ ಇಟ್ಟಿರ್ತೀನಿ,” ಎಂದರು ಕಾಕಾ.

“ಇಡಬ್ಯಾಡ.”

“ಇಡ್ತೀನಿ.”

“ನಾ ಬರಂಗಿಲ್ಲ.”

“ಬ್ಯಾಡ. ಕುರ್ಚಿಗೇನ್ ಅವಸರ ಅದ?”

ಹಿಂದಿರುಗುವಾಗ ಕಾಕಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಮ್ಮ ಕಾಕಾ! ಮಾತಾಡದೆ! ಹೆದರಿದ ನಾನು, “ಜ್ವರ ಬಂದಾವೇನ್ರಿ?” ಎಂದು ಹಣೆ ಮುಟ್ಟಿ ನೋಡಿದೆ. “ಅವ ಒಮ್ಮೆ ಮಂದಿ ಮುಂದ ಊದಬೇಕು. ಅಷ್ಟ ಸಾಕು ನನಗ. ಉಳದದ್ದೆಲ್ಲಾ ಅವನ ಸಲುವಾಗೇ ಮಾಡಾಕತ್ತೇನಿ,” ಎಂದರು. ಹಾಗಾಗಿ ಆ ಕುರ್ಚಿಯನ್ನು ಗಾಡಿಗೆ ಏರಿಸುವಾಗ ನಾನು ಎಂದೂ ಗೊಣಗಲಿಲ್ಲ.

ಬೇಸಿಗೆಯ ಕಚೇರಿ ಯಾದಗಿರಿಯ ಕೋಟೆಯ ಕೆಳಗೆ, ಬಿಸಿಲಲ್ಲಿ! “ನೆರಳಾಗ ಕುಂತು ಮಾಡಿದ್ರ ಅದ್ಯಾವ ಬ್ಯಾಸಗಿ?” ಎಂದು ಕಾಕಾನ ಹಟ. ಪೇಟಿಯ ಮನೆಗಳು, ಅಂದರೆ ಬೆರಳಿಡುವ ಪಟ್ಟಿಗಳು, ಕಾದ ಹಂಚಾಗಿದ್ದವು. ಮಾಸ್ತರರ ಬೆರಳು ಎಲ್ಲೂ ನಿಲ್ಲಲಾರದೆ ಈ ಮನೆಯಿಂದ ಆ ಮನೆಗೆ ಜಿಗಿದಾಡಿತು. ಮಂದಿ “ಏನ್ ತಾನ್ ಹೊಡೀತಾನಪ್ಪ!” ಎಂದು ಚಪ್ಪಾಳೆ ತಟ್ಟಿದರು. ಮಾಸ್ತರರು ಮಾತ್ರ ಎರಡು ದಿನ ಬೆರಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತಿದ್ದರು. ಕುರ್ಚಿಯೂ ಕಾದು, ಖಾಲಿಯಾಗಿ, ವಾಪಸು ಬಂತು.

ಸುರಪುರದ ಮಳೆಗಾಲದ ಕಚೇರಿಯಲ್ಲಿ ಇನ್ನೊಂದು ತಮಾಷೆ. ತಗಡಿನ ಚಪ್ಪರದ ಕೆಳಗೆ ಕೂತಿದ್ದೆವು. ಕೊನೆಯ ಪದದಲ್ಲಿ ನಾವು ಗಪ್ಪನೆ ನಿಲ್ಲಿಸಿದ ಹೊತ್ತಿಗೇ ಹೊರಗೆ ಹನಿ ಶುರುವಾಯಿತು. ತಬಲಾ ಕೆಳಗೆ, ಮಳೆ ಮೇಲೆ! ಮಂದಿಗೆ ಏನು ಖುಷಿಯಾಯಿತೋ, “ಒನ್ಸ್ ಮೋರ್!” ಎಂದು ಕೂಗಿದರು. ಕಾಕಾ ಸಿಟ್ಟಾದರು.

“ಅದು ಪದ ಅಲ್ರೋ! ಖಾಲಿ ಜಾಗಾ ಅದು!”

“ಇರ್ಲಿ ಬಿಡ್ರಿ. ನಿಮ್ಮ ಕಚೇರ್ಯಾಗ ಅದೊಂದ ಛಲೋ ಅದ!”

ಅಂದಿನಿಂದ ಅದಕ್ಕೆ ‘ಸುಮ್ಮನಿರೂ ಪದ’ ಎಂದೇ ಹೆಸರು ಬಿತ್ತು. ನಾವು ಬೆವರು ಸುರಿಸಿ ಕಲಿತ ಪದಗಳೆಲ್ಲ ಒಂದು ಕಡೆ, ನಾವು ಬಾಯಿ ಮುಚ್ಚಿಕೊಂಡಿದ್ದು ಒಂದು ಕಡೆ!

ಮತ್ತೆ ಚಳಿಗಾಲ ಬಂತು. ಶಹಾಪುರದ ಬಯಲಿನಲ್ಲಿ ಕಚೇರಿ. ಕಾಕಾ ಸ್ವತಃ ತಮ್ಮ ಹಲಗೆ ನೆಟ್ಟ ಕಡೆ ನಿಂತು ಒಂದೊಂದೇ ಕಟ್ಟಿಗೆಯನ್ನು ಬೆರಳಿನಿಂದ ಬಡಿದು, ಮೂಸಿ ನೋಡಿ, ಒಣಗಿದ್ದರೆ ಒಳಗೆ ಬಿಡುತ್ತಿದ್ದರು. ಹೆಣ್ಣು ನೋಡಲು ಬಂದವರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ! ನಾನು ಪಕ್ಕದಲ್ಲಿ ನಿಂತು ಒಟ್ಟುತ್ತಿದ್ದೆ. ಸಾಲಿನಲ್ಲಿ ಕಂಬಳಿ ಹೊದ್ದ ಒಬ್ಬರು ಬಂದು, ಬಟ್ಟೆಯಲ್ಲಿ ಸುತ್ತಿದ್ದನ್ನು ಕಾಕಾನ ಕೈಗಿಟ್ಟರು. ಖಾಸಿಂಸಾಬರು! ಬಟ್ಟೆ ಬಿಚ್ಚಿದರೆ ಕ್ಲಾರನೆಟ್.

“ಏನಿದು?” ಎಂದರು ಕಾಕಾ.

“ಟಿಕೀಟು. ಇದೂ ಕಟ್ಟಿಗೀನ ಅದ. ಛಲೋ ಉರೀತದ.” ಖಾಸಿಂಸಾಬರ ಮುಖದಲ್ಲಿ ನಗೆಯಿರಲಿಲ್ಲ. “ಮನ್ಯಾಗಿದ್ರ ದಿನಾ ಜೀವಾ ತಿಂತದ. ನಿನ್ನ ಬೆಂಕ್ಯಾಗ ಹೋಗ್ಲಿ. ಆ ಮ್ಯಾಲ ಕುರ್ಚಿ ತಗದಿಡು, ಮಂದಿ ನಗ್ತಾರ ನಿನಗ.”

ಬೆಂಕಿ ಆಗಲೇ ಹತ್ತಿತ್ತು. ಕಾಕಾ ಕ್ಲಾರನೆಟ್ಟನ್ನು ತಿರುಗಿಸಿ ನೋಡಿದರು. ಎಲ್ಲರ ಕಟ್ಟಿಗೆಯಂತೆಯೇ ಅದನ್ನೂ ಬೆರಳಿನಿಂದ ಬಡಿದರು, ಮೂಸಿದರು.

“ನಡ್ಯಂಗಿಲ್ಲ. ಹಸಿ ಅದ.”

“ಹಸಿ? ವರ್ಷಗಟ್ಲೆ ಸಂದೂಕದಾಗ ಬಿದ್ದದ!”

“ಮ್ಯಾಲ ಒಣಗ್ಯದ, ಒಳಗ ಇನ್ನಾ ಹಸಿ ಅದ. ಊದಿ ಊದಿ ಒಣಗಿಸಿ ಕೊಡು, ಆಮ್ಯಾಲ ಹಾಕ್ತೀನಿ. ಕಾಯಿದಾ ಅಂದ್ರ ಕಾಯಿದಾ. ಹಿಂದ ಮಂದಿ ನಿಂತಾರ, ಒಳಗ ನಡಿ.”

ಖಾಸಿಂಸಾಬರು ಹಲಗೆಯನ್ನು ನೋಡಿದರು, ಗೆಳೆಯನನ್ನು ನೋಡಿದರು. ಕ್ಲಾರನೆಟ್ಟನ್ನು ಕಂಬಳಿಯೊಳಗೆ ಸೇರಿಸಿಕೊಂಡು ಒಳಗೆ ಹೋದರು. ಕುರ್ಚಿಯ ಹತ್ತಿರ ಸುಳಿಯಲಿಲ್ಲ, ಎಲ್ಲರಿಗಿಂತ ಹಿಂದೆ ಮೂಲೆಯಲ್ಲಿ ಕೂತರು.

ಅಂದು ಕೊನೆಯದು ಹೆಂಗಸರ ಬೀಸುವ ಪದ. ನಡುವೆ ಎಲ್ಲರೂ ಗಪ್ಪನೆ ನಿಲ್ಲಿಸಿದೆವು. ತಬಲಾ ಸಣ್ಣಗೆ ನಡೆಯಿತು. ಕಾಕಾ “ವಾಹ್” ಎನ್ನಲಿಲ್ಲ, ಎತ್ತಿದ ಕೈ ಇಳಿಸಲೂ ಇಲ್ಲ. ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ತಬಲಾದವ ನನ್ನ ಕಡೆ ನೋಡಿದ. ನಾನೇನು ಮಾಡಲಿ? ಆಗ ಹಿಂದಿನ ಮೂಲೆಯಿಂದ ಒಂದು ಒರಟು ದನಿ ಎದ್ದಿತು. ತಡವರಿಸಿತು, ನಿಂತಿತು, ಮತ್ತೆ ಎದ್ದಿತು.

“ಯಾವಪ್ಪ ಅವ! ಸುಮ್ಮನಿರೂ ಪದ ಕೆಡಸಾಕತ್ತಾನ!” ಎಂದು ಒಬ್ಬ ಒದರಿದ.

“ಏ, ನೀ ಸುಮ್ಮನಿರು!” ಎಂದರು ಹತ್ತು ಮಂದಿ.

ಖಾಸಿಂಸಾಬರು ಊದಿದ್ದು ಹಳೆಯ ಸಲಾಮನ್ನಲ್ಲ, ಆಗಷ್ಟೇ ನಮ್ಮ ಹೆಂಗಸರು ಹೇಳಿದ ಬೀಸುವ ಪದವನ್ನೇ. ಅವರ ತಾಯಿಯೂ ಬೀಸುಕಲ್ಲಿನ ಮುಂದೆ ಕೂತು ಅದನ್ನೇ ಹೇಳುತ್ತಿದ್ದಳೋ ಏನೋ! ದನಿ ಬರಬರುತ್ತ ತಿಳಿಯಾಯಿತು, ಬೆಳೆಯಿತು, ಬಯಲೆಲ್ಲ ತುಂಬಿತು. ಯಾರ ಎಣಿಕೆಗೂ ಕಾಯದೆ ಚಿಗವ್ವ ಅದರ ಮೇಲೆ ಪದ ಎತ್ತಿದಳು. ಹೆಂಗಸರೆಲ್ಲ ಕೂಡಿದರು, ಪೇಟಿ ಕೂಡಿತು, ಡೊಳ್ಳು ಕೂಡಿತು. ಆಣೆ ಮಾಡಿ ಹೇಳುತ್ತೇನೆ, ನಮ್ಮ ಮೇಳದವರೆಲ್ಲ ಅಂದು ಮೊದಲ ಬಾರಿಗೆ ಒಂದು ಪದವನ್ನು ಒಂದೇ ಸಲಕ್ಕೆ ಮುಗಿಸಿದೆವು!

ಅಷ್ಟರಲ್ಲಿ ಬೆಂಕಿ ಇಳಿದಿತ್ತು. ಕಾಯಿದೆಯ ಪ್ರಕಾರ ಕಚೇರಿ ಮುಗಿಯಬೇಕು. ಯಾರಾದರೂ ಎದ್ದರೇ? ಎದ್ದರು, ಆದರೆ ಓಡಿದ್ದು ಕಟ್ಟಿಗೆ ತರಲು! ಒಬ್ಬರು ಒಲೆಯ ಮುಂದಿನ ಕಟ್ಟಿಗೆ ತಂದರು, ಒಬ್ಬರು ಮುರಿದ ಮಂಚದ ಕಾಲು ತಂದರು. ಏನೂ ಸಿಗದ ಒಬ್ಬ ಪುಣ್ಯಾತ್ಮ ಕಾಕಾನ ಹಲಗೆಯನ್ನೇ ಕಿತ್ತು ಬೆಂಕಿಗೆ ಹಾಕಿದ. “ಒನ್ಸ್ ಮೋರ್” ಎಂಬ ಕೂಗು ಊರ ಗುಡ್ಡಕ್ಕೆ ಮುಟ್ಟಿತು. ಖಾಸಿಂಸಾಬರನ್ನು ಮಂದಿಯೇ ಕೈಹಿಡಿದು ಮುಂದಕ್ಕೆ ತಂದರು. ಅವರು ಊದಿದರು, ಮತ್ತೆ ಊದಿದರು.

“ಈ ಉಸ್ತಾದರು ಯಾರು ಅಂತ ಹೇಳ್ರಿ!” ಎಂದು ಮಂದಿ ಕೇಳಿದರು. ಕಾಕಾ ಪರಿಚಯ ಹೇಳಲು ಎದ್ದು ನಿಂತರು. ಬಾಯಿ ತೆರೆದರು. ಮಾತು ಬರಲಿಲ್ಲ. ಆಗ ಮಂದಿಗೆ ಮುಖ ತೋರಿಸಲು ಇಷ್ಟು ವರ್ಷ ಹೆದರಿದ್ದ ಖಾಸಿಂಸಾಬರೇ ಎದ್ದು, ಕಾಕಾನ ತೋಳು ಹಿಡಿದು, ಎಲ್ಲರ ಕಡೆ ತಿರುಗಿದರು.

“ನನ್ ಹೆಸರು ಇರ್ಲಿ ಬಿಡ್ರಿ. ಇವ ನನ್ನ ದೋಸ್ತ್. ಸಣ್ಣವ್ರಿದ್ದಾಗಿಂದ. ನಡುವ ನಾನ ಮರ್ತಿದ್ದೆ, ಇವ ಮರೀಲಿಲ್ಲ.”

ಕಾಕಾ ಅವರ ಹೆಗಲಿಗೆ ಹಣೆ ಊರಿ, ಅಷ್ಟು ಮಂದಿಯ ಎದುರಿಗೆ ಗಳಗಳನೆ ಅತ್ತರು. ಕಾಕಾನನ್ನು ನೋಡಿ ನನಗೆ ನಗು ಬಾರದಿದ್ದದ್ದು ಅದೇ ಮೊದಲು. ಚಿಗವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ತಂದಿದ್ದು ಒಂದೇ ತಂಬಿಗೆ ನೀರು. ಮೊದಲು ಖಾಸಿಂಸಾಬರ ಕೈಗೆ ಕೊಟ್ಟಳು. ಅವರು ಕುಡಿದು ಉಳಿಸಿದ್ದನ್ನು ಕಾಕಾ ಕುಡಿದರು.